ಏನೂ ತಿನ್ನದ ನನ್ನ ಮಗಳು

ನಮ್ಮತ್ತೆಯ ಪ್ರಕಾರ ನನ್ನ ಮಗಳು ಹುಟ್ಟಿದಾಗಿನಿಂದ ಏನೂ ತಿಂದಿಲ್ಲ. ಜೋಗುಪಾಳ್ಯದ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಯಾರೇ ಸಿಕ್ಕಿ ಮೊಮ್ಮಗಳನ್ನು ವಿಚಾರಿಸಿದರೂ, "ಏನೂ ತಿನ್ನಲ್ಲ ಕಣ್ರೀ, ಕಡ್ಡಿ ಆಗೋಗಿದಾಳೆ" ಅನ್ನುತ್ತಿದ್ದರು. ಒಳಗೆ ಮೂರು ವರ್ಷದ ಆ ಕಡ್ಡಿ ಮೂರನೇ ದೋಸೆಗೆ ಕೈ ಚಾಚಿರುತ್ತಿತ್ತು. ಚೆನ್ನಾಗಿ ತಿನ್ನುತ್ತಾಳೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ, ಅಷ್ಟೇ ವಿಷಯ. ನಮ್ಮಮ್ಮನೂ ಹೀಗೇ ಹೇಳುತ್ತಿದ್ದಳು. ನಾನು ನಕ್ಕು ಸುಮ್ಮನಿರುತ್ತಿದ್ದೆ.

ಸುಮ್ಮನಿರದವರು ಬಾಣಸವಾಡಿಯಲ್ಲಿರುವ ನನ್ನ ಗಂಡನ ಅಕ್ಕ. ಮಕ್ಕಳು ಸೀನಿದರೂ ಮೊಬೈಲಿನ ಎಐಯನ್ನು ಕೇಳುವ ಚಾಳಿ ಅವರದು. ಅದರಲ್ಲಿ ತಪ್ಪೇನಿಲ್ಲ, ನಾನೂ ಕೇಳುತ್ತೇನೆ. ಆದರೆ ಅವರು ಅತ್ತೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ಹಾಗೇ ಅದಕ್ಕೆ ಬರೆದಿದ್ದರು: ಮೂರು ವರ್ಷದ ಹುಡುಗಿ, ಏನೂ ತಿನ್ನುವುದಿಲ್ಲ, ದಿನೇ ದಿನೇ ಒಣಗುತ್ತಿದ್ದಾಳೆ, ತಾಯಿ ಆಫೀಸಿಗೆ ಹೋಗುತ್ತಾಳೆ.

ಒಂದು ಭಾನುವಾರ ಊಟಕ್ಕೆ ಬಂದವರು ಅದರ ಉತ್ತರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ರಕ್ತಹೀನತೆ ಇರಬಹುದು, ಜಂತುಹುಳು ಇರಬಹುದು, ಊಟದ ಹೊತ್ತಿಗೆ ಹೆತ್ತವರು ಜೊತೆಗಿದ್ದರೆ ಒಳ್ಳೆಯದು. ಕಣ್ಣೆದುರಿಗಿದ್ದ ಮಗುವಿಗಿಂತ ಅವರಿಗೆ ಅದೇ ದೊಡ್ಡದಾಗಿತ್ತು. "ನೋಡು, ಕೆಲಸ ಬಿಟ್ಬಿಡು. ಮಗೂನ ಸಾಯಿಸ್ಬೇಡ," ಅಂದರು.

ಅತ್ತೆಯ ಮುಖ ನೋಡಿದೆ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಾರಿನಲ್ಲಿ ಸೌಟು ತಿರುಗಿಸುತ್ತ ಕೂತರು. ಗಂಡನ ಮುಖ ನೋಡಿದೆ. "ಒಂದ್ ವರ್ಷ ಬ್ರೇಕ್ ತಗೊ, ಏನೀಗ?" ಅಂದ. ಇಂದಿರಾನಗರದ ಆಫೀಸಿನಲ್ಲಿ ಆರು ವರ್ಷ ಒದ್ದಾಡಿ ಆ ತಿಂಗಳಷ್ಟೇ ನಾನು ಟೀಮ್ ಲೀಡ್ ಆಗಿದ್ದೆ. "ಆಯ್ತು, ನಾಳೆ ಎಲ್ರೂ ಡಾಕ್ಟ್ರ ಹತ್ರ ಹೋಗೋಣ. ಅವ್ರು ಹೇಳಿದ್ರೆ ಬಿಡ್ತೀನಿ," ಅಂದೆ. ನಾಳೆ ಇದೆ ನಿಮಗೆಲ್ಲ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಶಿವಾಜಿನಗರದ ಆ ಕ್ಲಿನಿಕ್ಕನ್ನು ಬೇಕೆಂದೇ ಆರಿಸಿದೆ. ಅಲ್ಲಿ ತೂಕದ ಯಂತ್ರ ಜನ ಕಾಯುವ ಹಾಲಿನಲ್ಲೇ ಇದೆ, ನರ್ಸಮ್ಮನ ಗಂಟಲು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ. "ಹದಿನಾರೂವರೆ ಕೆಜಿ!" ಎಂದು ಕೂಗಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ನಿನ್ನೆ ಏನೇನು ತಿಂದಳು ಎಂದು ನರ್ಸಮ್ಮ ಕೇಳಿದಾಗ, "ಅವ್ರನ್ನೇ ಕೇಳಿ, ಊಟ ಮಾಡ್ಸೋರು ಅವ್ರೇ," ಎಂದು ಅತ್ತೆಯನ್ನು ಮುಂದೆ ತಳ್ಳಿದೆ.

"ಏನೂ..." ಎಂದು ಶುರುಮಾಡಿದರು.

"ಸರಿಯಾಗಿ ಹೇಳ್ದಿದ್ರೆ ಮಗೂಗೆ ಸೂಜಿ ಚುಚ್ಚಿ ರಕ್ತ ತೆಗೀತಾರೆ, ಅತ್ತೆ," ಅಂದೆ.

ಅವರ ದನಿ ಇಳಿಯಿತು. "ಮೂರು ದೋಸೆ. ಬಾಳೆಹಣ್ಣು. ಮಧ್ಯಾಹ್ನ ಮುದ್ದೆ, ಆಮೇಲೆ ಅನ್ನ."

"ಜೋರಾಗ್ ಹೇಳಿ!" ಅಂದಳು ನರ್ಸಮ್ಮ. ಮತ್ತೆ ಹೇಳಬೇಕಾಯಿತು. ಪಕ್ಕದಲ್ಲಿದ್ದ ಬುರ್ಖಾದ ಅಜ್ಜಿ "ಮಾಷಾ ಅಲ್ಲಾ!" ಎಂದು ಮಗಳ ಕೆನ್ನೆ ಸವರಿದರು. ಅತ್ತೆಗೆ ಅಳು ಬಂತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಡಾಕ್ಟರು ಮಗುವನ್ನು ನೋಡಿ, ಆರೋಗ್ಯವಾಗಿದ್ದಾಳೆ, ಔಷಧಿ ಏನೂ ಬೇಡ ಅಂದರು. ಗಂಡನ ಅಕ್ಕ ಫೋನನ್ನು ಬ್ಯಾಗಿನೊಳಗೆ ಹಾಕಿಕೊಂಡರು.

ಇನ್ನೊಬ್ಬ ಉಳಿದಿದ್ದ. ಎಲ್ಲರೂ ಮನೆಗೆ ಬಂದೊಡನೆ ಗಂಡನ ಕೈಗೆ ಅವನದೇ ಮೊಬೈಲ್ ಕೊಟ್ಟೆ. "ಬರಿ. ಮಗಳು ದಿನಾ ಏನ್ ತಿಂತಾಳೆ ಅಂತ ಅಪ್ಪಂಗೇ ಗೊತ್ತಿಲ್ಲ, ಆದ್ರೂ ಹೆಂಡ್ತಿ ಕೆಲ್ಸ ಬಿಡ್ಸೋಕೆ ಹೊರಟಿದ್ದ. ಈಗೇನ್ ಮಾಡ್ಬೇಕು ಅಂತ ಕೇಳು." ಅವನು ನಕ್ಕ. ನಾನು ನಗಲಿಲ್ಲ. ಬರೆದ. ಉತ್ತರವನ್ನು ಅವನ ತಾಯಿ ಮತ್ತು ಅಕ್ಕನ ಮುಂದೆಯೇ ಗಟ್ಟಿಯಾಗಿ ಓದಿಸಿದೆ. ಹೆಂಡತಿಯ ಕ್ಷಮೆ ಕೇಳಿ, ದಿನಕ್ಕೆ ಒಂದು ಹೊತ್ತಾದರೂ ಮಗುವಿಗೆ ನೀವೇ ಊಟ ಮಾಡಿಸಿ, ಎಂದಿತ್ತು.

ಊಟ ಮಾಡಿಸುವುದನ್ನು ಮರುದಿನದಿಂದಲೇ ಶುರುಮಾಡಿದ. ಕ್ಷಮೆ ಇನ್ನೂ ಕೇಳಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾನು ಆಫೀಸಿಗೆ ಹೊರಡುವಾಗ ಅವನು ಇಡ್ಲಿ ಮುರಿದು ಮಗಳ ಬಾಯಿಗಿಡುತ್ತಿರುತ್ತಾನೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಒಂದು ನಿಮಿಷ ಬೇಕೆಂದೇ ನಿಲ್ಲುತ್ತೇನೆ. ಅವನು ತಲೆ ಎತ್ತುವುದಿಲ್ಲ. ನಾನೂ ನಿಲ್ಲುವುದನ್ನು ಬಿಟ್ಟಿಲ್ಲ.