ಒಂಬತ್ತು ಮಾರು ಬಾವಿ

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಅಲ್ಲಿನವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅದೇ ಬೀದಿಗಳಲ್ಲಿ ಬಾಳುತ್ತಿದ್ದಾರೆ. ಅಜ್ಜಂದಿರು ಮಾಡಿದ್ದಕ್ಕೆ ಅವರೇನು ಮಾಡಿಯಾರು? ಕೋಲಾರದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ತಲುಪುವ ಒಂದು ಸಣ್ಣ ಪೇಟೆ ಅಂದುಕೊಳ್ಳಿ, ಸಾಕು.

ನಾನು ಮಾಸ್ತಿ ಕಡೆಯವಳು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಪ್ಲೇಗಿಗೆ ಕೊಟ್ಟು, ಅಣ್ಣನ ಹಟದಿಂದ ಬೆಂಗಳೂರಿನಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿತು, ಇಪ್ಪತ್ತಾರನೇ ವಯಸ್ಸಿಗೆ ಆ ಊರಿನ ಪುರಸಭೆಯ ದವಾಖಾನೆಗೆ ಬಂದೆ. ಊರೆಲ್ಲ ನನ್ನನ್ನು ನರ್ಸಮ್ಮ ಎಂದೇ ಕರೆಯುತ್ತಿತ್ತು. ಯುದ್ಧ ಶುರುವಾಗಿ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ಕಾಲ.

ಕೆಳಗಿನ ಬೀದಿಯಲ್ಲಿ ಹುಣಸೆಹಣ್ಣು ಮಾರುತ್ತಿದ್ದ ಒಬ್ಬ ಮುದುಕಿಯ ಮನೆಯ ಮುಂದಿನ ಕೋಣೆ ನನ್ನದು. ಆಕೆಯೂ ಗಂಡ ಸತ್ತವಳೇ. ಮನೆಮಾತು ತೆಲುಗು, ಕನ್ನಡ ಮಾತಾಡುವಾಗಲೂ ಅದರಲ್ಲಿ ತೆಲುಗಿನದೇ ರಾಗ. ಸ್ವಂತ ಮನೆ ಇದೆಯೆಂಬ ಹೆಮ್ಮೆ ಆಕೆಗೆ ಬಹಳ. ವರ್ಷ ವರ್ಷ ಮನೆ ಕಂದಾಯ ಕಟ್ಟಿದ ರಸೀದಿಗಳನ್ನೆಲ್ಲ ಒಂದು ಹಳೇ ರವಿಕೆಯ ಬಟ್ಟೆಯಲ್ಲಿ ಸುತ್ತಿ, ಅಕ್ಕಿ ಡಬ್ಬದೊಳಗೆ ಇಟ್ಟಿದ್ದಳು.

ಬೀದಿಯ ಕೊನೆಯಲ್ಲಿ ಎಲ್ಲರೂ ನೀರು ಸೇದುವ ಬಾವಿ. ಕಟ್ಟೆ ಎರಡು ಕಡೆ ಕುಸಿದುಬಿದ್ದು, ಬಿದ್ದ ಚಪ್ಪಡಿಗಳ ಮೇಲೆ ಪಾಚಿ ಹಿಡಿದಿತ್ತು. ಹೆಂಗಸರು ಅವೇ ಚಪ್ಪಡಿಗಳ ಮೇಲೆ ಕಾಲು ಓರೆ ಮಾಡಿ ನಿಂತು ಸೇದಬೇಕು. ರಾಟೆ ಇಲ್ಲ. ಬೇಸಿಗೆಯಲ್ಲಿ ಬಿಂದಿಗೆ ತಳಕ್ಕೆ ಬಡಿದು, ಅರ್ಧ ನೀರು ಅರ್ಧ ಕೆಸರು ಮೇಲೆ ಬರುತ್ತಿತ್ತು. ನಾನು ಹೆರಿಗೆಗೆ ಹೋದ ಮನೆಗಳಲ್ಲಿ ಆ ಕೆಸರನ್ನೇ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ ಕೈ ತೊಳೆದುಕೊಂಡಿದ್ದೇನೆ.

ಮಗ್ಗ ನೇಯುವವನೊಬ್ಬನ ಹೆಂಡತಿ ನಮ್ಮ ಮನೆಗೆ ಮೂರನೇ ಮನೆಯವಳು. ಎಂಟು ತಿಂಗಳ ಬಸುರಿ, ಚೊಚ್ಚಲು. ಒಂದು ಬೆಳಿಗ್ಗೆ ನೀರು ಸೇದುತ್ತಿದ್ದಾಗ ಆಕೆಯ ಕಾಲು ಜಾರಿತು. ಬಾವಿಯೊಳಗೆ ಬೀಳಲಿಲ್ಲ, ಪಕ್ಕದಲ್ಲಿದ್ದ ನಮ್ಮ ಮುದುಕಿ ಸೆರಗು ಹಿಡಿದು ಎಳೆದುಕೊಂಡಳು. ಆದರೆ ಆಕೆಯ ಹೊಟ್ಟೆ ಚಪ್ಪಡಿಯ ಅಂಚಿಗೆ ಬಡಿಯಿತು. ನಾನು ಓಡಿಹೋದಾಗ ಅವಳು ಕೂತೇ ಇದ್ದಳು, ಬಿಂದಿಗೆ ಎಲ್ಲಿ ಹೋಯಿತೆಂದು ಕೇಳುತ್ತಿದ್ದಳು. ಮಧ್ಯಾಹ್ನ ನೋವು ಬಂತು. ಸಂಜೆಯೊಳಗೆ ಹೆರಿಗೆಯಾಯಿತು. ಗಂಡು ಮಗು, ತಲೆ ತುಂಬ ಕೂದಲು. ಉಸಿರಿರಲಿಲ್ಲ. ನಾನು ಬೆನ್ನು ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ, ಬಿಸಿನೀರಿಗೂ ತಣ್ಣೀರಿಗೂ ಅದ್ದಿ ನೋಡಿದೆ. ಗಂಡ ಬಾಗಿಲಲ್ಲಿ ನಿಂತು, "ಸಾಕು ಬಿಡಿ ನರ್ಸಮ್ಮ," ಅಂದ.

ಹದಿನೈದು ದಿನ ಕಳೆದ ಮೇಲೆ ಸಂಬಳಕ್ಕೆಂದು ಪುರಸಭೆ ಕಚೇರಿಗೆ ಹೋಗಿದ್ದೆ. ಆ ದಿನ ಧೂಳುಗಾಳಿ ಎದ್ದಿದ್ದರಿಂದ ಜವಾನ ಮುಂಬಾಗಿಲು ಮುಚ್ಚಿದ್ದ. ಯಾವಾಗಲೂ ತೆರೆದ ಬಾಗಿಲ ಹಿಂದೆ ಮರೆಯಾಗಿರುತ್ತಿದ್ದ ಗೋಡೆ ನನಗೆ ಕಂಡದ್ದು ಅದೇ ಮೊದಲು. ಅಲ್ಲೊಂದು ಹಲಗೆ, ಹಲಗೆಯ ಮೇಲೊಂದು ಕಾಗದ. ಊರಿನವರ ತಿಳಿವಳಿಕೆಗಾಗಿ ಹಾಕಿದ, ಆ ವರ್ಷ ಮಾಡಿಸಿದ ಕೆಲಸಗಳ ಪಟ್ಟಿ. ಹೊತ್ತು ಕಳೆಯಲೆಂದು ಓದತೊಡಗಿದೆ. ಆರನೆಯ ಸಾಲು: ಕೆಳಗಿನ ಬೀದಿಯ ಬಾವಿಯ ಹೂಳೆತ್ತಿ, ಹತ್ತಡಿ ಆಳ ಮಾಡಿ, ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿಸಿ, ಎರಡು ರಾಟೆ ಹಾಕಿಸಿದ್ದು. ಅದರ ಮುಂದೆ ಕೊಟ್ಟ ಹಣ. ಅದರ ಮುಂದೆ, ಕೆಲಸ ಮುಗಿದಿದೆ.

ಮೂರು ಸಲ ಓದಿದೆ. ಬೇರೆ ಯಾವುದೋ ಕೆಳಗಿನ ಬೀದಿ ಇದ್ದೀತೇ ಎಂದು ಕೂಡ ಯೋಚಿಸಿದೆ. ಆ ಊರಿಗೆ ಇದ್ದದ್ದು ಒಂದೇ ಕೆಳಗಿನ ಬೀದಿ. ಕಣ್ಣಮುಂದೆ ಆ ಮಗುವಿನ ತಲೆಗೂದಲು ಬಂತು, ಜೊತೆಗೇ ಕೆಲಸ ಮುಗಿದಿದೆ ಎಂಬ ಆ ಎರಡು ಪದ ಬಂದವು. ದವಾಖಾನೆಯ ಚೀಟಿಯ ಹಿಂಬದಿಯಲ್ಲಿ ಆ ಸಾಲನ್ನು ಹಾಗೆಯೇ ಬರೆದುಕೊಂಡೆ.

"ಏನಮ್ಮ ಬರ್ಕೋತಿದ್ದೀಯ?" ಎಂದು ಗುಮಾಸ್ತ ಕೇಳಿದ.

"ಊರಿನೋರ ತಿಳಿವಳಿಕೆಗೆ ಅಂತ ಹಾಕಿದ್ದೀರಲ್ಲ, ತಿಳ್ಕೋತಾ ಇದ್ದೀನಿ."

ಮನೆಗೆ ಬಂದು ಮುದುಕಿಗೆ ಓದಿ ಹೇಳಿದೆ. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಆಕೆಯ ಕೈ ನಿಂತಿತು.

"ಇನ್ನೊಂದ್ ಸಲ ಓದು."

ಓದಿದೆ.

"ಹತ್ತಡಿ ತೋಡಿದ್ರಾ? ಇಪ್ಪತ್ತು ವರ್ಷದಿಂದ ನನ್ನ ಹಗ್ಗ ಒಂಬತ್ತು ಮಾರು. ಬೇಸಿಗೇಲಿ ಒಂಬತ್ತು ಮಾರು ಬಿಟ್ರೆ ಬಿಂದಿಗೆ ನೆಲಕ್ಕೆ ಕೂತ್ಕೊಳ್ತದೆ. ಈ ಬೇಸಿಗೇಲೂ ಅಷ್ಟೇ. ಹತ್ತಡಿ ಎಲ್ಲಿ ಹೋಯ್ತು? ಅವರಮ್ಮನ ಹೊಟ್ಟೇಲಿ ತೋಡಿದ್ರಾ?" ಆಮೇಲೆ ಬೈದ ತೆಲುಗು ಬೈಗುಳಗಳನ್ನು ನಾನು ಇಲ್ಲಿ ಬರೆಯಲಾರೆ. ಎದ್ದು ಅಕ್ಕಿ ಡಬ್ಬದಿಂದ ರಸೀದಿಯ ಗಂಟು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಡಿ. ನಾನು ಕಂದಾಯ ಕಟ್ಟೋಳು. ಕೇಳ್ತೀನಿ."

ಪುರಸಭೆಯ ಸಭೆ ಇದ್ದ ದಿನ ನಾವು ಎಂಟು ಹೆಂಗಸರು ಹೋದೆವು. ಒಳಗೆ ಮೆಂಬರುಗಳು ಕಾಫಿ ಕುಡಿಯುತ್ತಿದ್ದರು. ಅಧ್ಯಕ್ಷರು ದೊಡ್ಡ ಮಂಡಿಯ ಸಾಹುಕಾರರು, ಜರಿ ಪೇಟದವರು, ಯಾರ ಮೇಲೂ ದನಿ ಎತ್ತುವವರಲ್ಲ. ಅವರ ಆ ಮೆತ್ತಗಿನ ದನಿ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

"ಏನಜ್ಜಿ, ನೀರಿಗೆ ತೊಂದರೆಯೇ?"

"ನೀರಿನ್ ಮಾತು ಆಮೇಲೆ. ನಮ್ಮ ಬಾವಿಗೆ ಕಟ್ಟೆ ಕಟ್ಸಿದ್ದೀರಂತಲ್ಲ, ಅದು ಎಲ್ಲಿದೆ ಅಂತ ತೋರ್ಸಿ."

ಅವರು ಪುರಸಭೆಯ ಕಟ್ಟಡ ಕೆಲಸ ನೋಡಿಕೊಳ್ಳುವ ಓವರ್‌ಸಿಯರ್ ಕಡೆ ನೋಡಿದರು. ಓವರ್‌ಸಿಯರ್ ತನ್ನ ಬೂಟು ನೋಡಿಕೊಂಡ. ಒಬ್ಬ ಮೆಂಬರು ನಕ್ಕ. "ಕಾಗದದ ಭಾಷೆ ಇವರಿಗೆಲ್ಲಿ ಅರ್ಥ ಆಗ್ಬೇಕು. ಮಂಜೂರಾಗಿದೆ ಅಂತ ಇರ್ತದೆ."

"ಕೆಲಸ ಮುಗಿದಿದೆ ಅಂತ ಇದೆ," ಅಂದೆ. "ನಾನೇ ಓದಿದೀನಿ."

ಆಗ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನು ಪುರಸಭೆ ಸಂಬಳ ತಿನ್ನೋಳು ಅಲ್ವೇನಮ್ಮಾ? ನಿನ್ನ ಕೆಲಸ ಹೆರಿಗೆ ಮಾಡ್ಸೋದು. ಅದನ್ನ ನೀನು ಮಾಡು. ಬಾವಿ ಕೆಲಸ ನಾವು ಮಾಡ್ತೀವಿ."

"ನನ್ನ ಕೆಲಸ ಕೆಟ್ಟಿದ್ದು ನಿಮ್ಮ ಬಾವೀಲಿ, ಸ್ವಾಮಿ," ಅಂದೆ. ಅಷ್ಟು ಜನ ಗಂಡಸರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಜವಾನ ನಮ್ಮನ್ನು ಹೊರಗೆ ಕಳಿಸಿದ. ಮುದುಕಿ ಮೆಟ್ಟಿಲ ಮೇಲೆ ನಿಂತು ರಸೀದಿಗಳನ್ನು ಒಂದೊಂದೇ ಬಿಡಿಸಿ, ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸಿದಳು. ಕೆಲವರು ನಿಂತು ಕೇಳಿದರು. ಹೆಚ್ಚಿನವರು ತಲೆ ತಗ್ಗಿಸಿ ನಡೆದರು. ಅವರಿಗೆಲ್ಲ ಮಂಡಿಯ ಜೊತೆ ವ್ಯವಹಾರವಿತ್ತು.

ಅರ್ಜಿ ಬರೆದೆ. ಬೀದಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಮಗ್ಗದವನ ಹೆಂಡತಿ ಬಾಣಂತನದ ಕೋಣೆಯಿಂದಲೇ ಕೈ ಚಾಚಿ ಒತ್ತಿದಳು. ಕೋಲಾರದ ಜಿಲ್ಲಾ ಕಚೇರಿಗೆ ನಾನೇ ಹೋಗಿ ಕೊಟ್ಟು, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಂಡು ಬಂದೆ. ಒಂದು ತಿಂಗಳಾಯಿತು, ಎರಡಾಯಿತು. ಮತ್ತೆ ಹೋದೆ. ವಿಚಾರಣೆಗೆ ಬರುತ್ತಾರೆ ಅಂದರು. ಅಷ್ಟರಲ್ಲಿ ನನ್ನ ದವಾಖಾನೆಗೆ ಹತ್ತಿ ಬಟ್ಟೆ, ಡೆಟ್ಟಾಲು ಬರುವುದು ನಿಂತಿತು. ಕೇಳಿದರೆ ಯುದ್ಧ ಅನ್ನುತ್ತಿದ್ದರು.

ಕೊನೆಗೆ ಒಬ್ಬ ಅಧಿಕಾರಿ ಬಂದರು. ಅವರು ಬರುವ ಹಿಂದಿನ ದಿನ ಪುರಸಭೆಯವರು ಎರಡು ಗಾಡಿ ಕಲ್ಲು ತಂದು ಬಾವಿಯ ಬಳಿ ಸುರಿದಿದ್ದರು. ಅಧ್ಯಕ್ಷರು, ಓವರ್‌ಸಿಯರ್, ಕಂಟ್ರಾಕ್ಟರು ಎಲ್ಲರೂ ಛತ್ರಿ ಹಿಡಿದು ನಿಂತಿದ್ದರು. ಅಧಿಕಾರಿಗಳು ವಯಸ್ಸಾದವರು, ಕನ್ನಡಕದವರು, ಬಿಸಿಲಿಗೆ ಬೇಸತ್ತಿದ್ದರು. ಹಳೇ ಕಾಗದದಲ್ಲಿ ಬಾವಿಯ ಮೊದಲಿನ ಆಳ ಇತ್ತು: ಐವತ್ತನಾಲ್ಕು ಅಡಿ. ಅಂದರೆ ಸರಿಯಾಗಿ ಮುದುಕಿಯ ಒಂಬತ್ತು ಮಾರು.

"ಅಳೀರಿ," ಅಂದರು.

ಓವರ್‌ಸಿಯರ್ ಟೇಪು ತಂದಿಲ್ಲ ಅಂದ. ಮುದುಕಿ ಮುಂದೆ ಬಂದಳು. "ನನ್ನ ಹಗ್ಗ ಇದೆ, ಬುದ್ಧಿ. ಮೊದಲು ಅದನ್ನ ಅಳ್ಕೊಳ್ಳಿ." ಅಧಿಕಾರಿಗಳು ತಮ್ಮ ಜವಾನನಿಂದ ಹಗ್ಗವನ್ನು ಮಾರು ಹಾಕಿಸಿ ಅಳೆಸಿದರು; ಒಂಬತ್ತೇ ಮಾರು. ತುದಿಗೆ ಕಲ್ಲು ಕಟ್ಟಿ ಬಿಟ್ಟರು. ಹಗ್ಗ ಮುಗಿಯುವ ಹೊತ್ತಿಗೆ ಕಲ್ಲು ತಳ ಮುಟ್ಟಿತು. ಒಂದು ಗೇಣು ಕೂಡ ಹೆಚ್ಚಿಲ್ಲ.

ಓವರ್‌ಸಿಯರ್ ಗಂಟಲು ಸರಿಮಾಡಿಕೊಂಡ. "ತೋಡಿದ್ದು ನಿಜ ಸಾರ್. ಮತ್ತೆ ಹೂಳು ತುಂಬ್ಕೊಂಡಿದೆ."

"ಹತ್ತಡಿ ಹೂಳಾ!" ಮುದುಕಿ ಕೂಗಿದಳು. "ಸರಿ, ತಳಕ್ಕೆ ಹೂಳು ತುಂಬ್ತು. ಮೇಲಿದ್ದ ಕಟ್ಟೆ ಏನಾಯ್ತಯ್ಯಾ? ರಾಟೆ ಏನಾಯ್ತು? ಅವೂ ಒಳಗೆ ಇಳಿದು ಹೂಳ್ಕೊಂಡ್ವಾ?"

ಸೇರಿದ್ದ ಜನ ನಕ್ಕರು. ಅಧಿಕಾರಿಗಳೂ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ನನಗೆ ನಗು ಬರಲಿಲ್ಲ. ಗುಂಪಿನ ಹಿಂದೆ ಮಗ್ಗದವನ ಹೆಂಡತಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು. ಇಷ್ಟು ಜನ ಸೇರಿದ್ದರಿಂದ ಅವಳಿಗೆ ಬೆಳಗಿನಿಂದ ನೀರು ಸೇದಲು ಆಗಿರಲಿಲ್ಲ.

ಮಹಜರು ಬರೆದರು. ನಾವು ಗೆದ್ದೆವೆಂದು ಬೀದಿಯಲ್ಲಿ ಬೆಲ್ಲ ಹಂಚಿದರು. ನಾನೂ ತಿಂದೆ.

ಆದದ್ದು ಇಷ್ಟು. ಓವರ್‌ಸಿಯರ್‌ಗೆ ಬೇರೆ ಊರಿಗೆ ವರ್ಗವಾಯಿತು. ಕಂಟ್ರಾಕ್ಟರನಿಂದ ಹಣ ವಾಪಸು ಬಂತೆಂದು ಯಾರೂ ಹೇಳಲಿಲ್ಲ; ಅದೇ ಕಂಟ್ರಾಕ್ಟರನಿಗೆ ಅದೇ ಕೆಲಸವನ್ನು ಹೊಸದಾಗಿ ಕೊಟ್ಟರು. ಈ ಸಲ ನಿಜವಾಗಿಯೂ ತೋಡಿದರು, ಕಟ್ಟೆ ಕಟ್ಟಿದರು, ಎರಡು ರಾಟೆ ಹಾಕಿದರು. ಕಟ್ಟೆಗೊಂದು ನುಣುಪಾದ ಕಲ್ಲು ಕೂರಿಸಿ, ಜನಹಿತಕ್ಕಾಗಿ ಇದನ್ನು ಮಾಡಿಸಿದವರು ಎಂದು ಅಧ್ಯಕ್ಷರ ಹೆಸರು ಕೆತ್ತಿಸಿದರು. ಮುಂದಿನ ಚುನಾವಣೆಯಲ್ಲಿ ನಮ್ಮ ಬೀದಿಯ ಗಂಡಸರು, ಓಟಿದ್ದವರೆಲ್ಲ, ಅವರಿಗೇ ಓಟು ಹಾಕಿದರು. "ಏನೇ ಆಗ್ಲಿ, ಬಾವಿ ಮಾಡ್ಸಿಕೊಟ್ರಲ್ಲ ನರ್ಸಮ್ಮ," ಎಂದು ನನ್ನ ಮುಖಕ್ಕೇ ಹೇಳಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಅಧ್ಯಕ್ಷರ ಮೇಲಿನದಕ್ಕಿಂತ ಕಡಿಮೆಯದಲ್ಲ.

ಮುದುಕಿ ದಿನಾ ಬೆಳಿಗ್ಗೆ ಆ ಕಲ್ಲಿಗೆ ಸಗಣಿ ಬಳಿಯುತ್ತಿದ್ದಳು. ಪುರಸಭೆಯ ಜವಾನ ಬಂದು ಗದರಿಸಿದರೆ, "ಸಗಣಿ ಹಾಕೋದು ಶುದ್ಧಿಗೆ ಕಣಪ್ಪ," ಅನ್ನುತ್ತಿದ್ದಳು.

ಚುನಾವಣೆ ಮುಗಿದ ಮಳೆಗಾಲದಲ್ಲೇ ನನಗೆ ವರ್ಗದ ಆರ್ಡರು ಬಂತು, ತೆಲುಗು ಸೀಮೆಯ ಅಂಚಿನ ಗೌನಿಪಲ್ಲಿಗೆ. ಅಲ್ಲಿ ದವಾಖಾನೆಯೆಂದರೆ ಮಾವಿನ ತೋಪಿನ ಪಕ್ಕದ ಒಂದು ಕೋಣೆ, ಒಂದು ಬೆಂಚು. ಜನ ಒಳ್ಳೆಯವರು. ತೆಲುಗು ನನಗೆ ಮುದುಕಿಯಿಂದಲೇ ಬಂದಿತ್ತು; ನಾನು ಬಾಯಿ ಬಿಟ್ಟರೆ ಅಲ್ಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ನಾನು ಕಲಿತದ್ದೆಲ್ಲ ಆಕೆಯ ಬೈಗುಳಗಳೇ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ದವಾಖಾನೆಯ ಮುಂದೆ ಎತ್ತಿನ ಗಾಡಿ ನಿಂತಿತು. ಮಗ್ಗದವನೂ ಅವನ ಹೆಂಡತಿಯೂ ಇಳಿದರು. ತುಂಬು ಬಸುರಿ. ನನ್ನ ಕೈಯಲ್ಲೇ ಹೆರಬೇಕೆಂದು ಹಟ ಹಿಡಿದು ಅಷ್ಟು ದೂರ ಬಂದಿದ್ದಳು. ಮೂರು ದಿನ ನಮ್ಮಲ್ಲೇ ಇದ್ದು ಹೆಣ್ಣು ಮಗು ಹೆತ್ತಳು. ಮಗು ಅತ್ತ ಸದ್ದಿಗೆ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಎದ್ದು ನಿಂತರು.

ಮಗು ತೊಳೆಯುವಾಗ ಆಕೆ ಮೆಲ್ಲಗೆ ಹೇಳಿದಳು. "ಅಕ್ಕಾ, ನಿಮಗೊಂದು ಮಾತು ಹೇಳ್ಬೇಕು, ಬೈಬೇಡಿ. ಆ ವಿಚಾರಣೆ ಆದ್ಮೇಲೆ ಇವರನ್ನ ಮಂಡಿಗೆ ಕರ್ಸಿದ್ರು. ಒಂದು ಕಾಗದಕ್ಕೆ ಹೆಬ್ಬೆಟ್ಟು ಹಾಕಿಸ್ಕೊಂಡು, ಅದನ್ನ ವಿಚಾರಣೆ ಕಡತಕ್ಕೆ ಸೇರ್ಸಿದ್ರಂತೆ."

"ಏನು ಕಾಗದ?"

"ನಾನು ಬಸುರೀಲಿ ತಲೆ ತಿರುಗಿ ಬಿದ್ದೆ ಅಂತ. ಬಾವಿಗೂ ಅದಕ್ಕೂ ಸಂಬಂಧ ಇಲ್ಲ ಅಂತ. ನೂಲು ಸಾಲಕ್ಕೆ ಕೊಡೋದು ಅವರೇ ಅಲ್ವಾ. ಇಲ್ಲಾ ಅನ್ನೋಕೆ ಆಗ್ಲಿಲ್ಲ."

ನಾನು ಮಗುವನ್ನು ಒರೆಸಿ ಆಕೆಯ ಪಕ್ಕದಲ್ಲಿ ಮಲಗಿಸಿ ಹೊರಗೆ ಬಂದೆ. ಅವನು ಗಾಡಿಯ ಗಾಲಿಗೆ ಒರಗಿ ಕೂತಿದ್ದ. ನನ್ನ ಮುಖ ನೋಡಿದ ಕೂಡಲೇ ಎದ್ದು ನಿಂತು ಟವಲು ಹಿಂಡಲು ಶುರುಮಾಡಿದ. ಬಾಯಿಗೆ ಬಂದದ್ದೆಲ್ಲ ಬೈಯಬೇಕೆಂದೇ ಬಂದಿದ್ದೆ. ಅವನ ಉಗುರುಗಳಲ್ಲಿ ಬಣ್ಣ ಹಿಡಿದು ಕಪ್ಪಾಗಿತ್ತು. ನನಗೆ ಬೈಯಲಾಗಲಿಲ್ಲ. "ಒಳಗೆ ಹೋಗಿ ಮಗು ನೋಡು," ಅಂದೆ.

ಅವರು ಊರಿಗೆ ಹೊರಟ ಮೇಲೆ ಕೂತು ಕೋಲಾರಕ್ಕೆ ಇನ್ನೊಂದು ಅರ್ಜಿ ಬರೆದೆ. ಆ ಕಾಗದವನ್ನು ಯಾರು ಬರೆದರು, ಯಾರ ಎದುರಿಗೆ ಹೆಬ್ಬೆಟ್ಟು ಹಾಕಿಸಿದರು, ವಿಚಾರಣೆ ಮುಗಿದ ಮೇಲೆ ಅದು ಕಡತಕ್ಕೆ ಸೇರಿದ್ದು ಹೇಗೆ ಎಂದು ಕೇಳಿದೆ. ಮಗ್ಗದವನಿಗೆ ತೊಂದರೆಯಾಗದಂತೆ ಅವನ ಗುರುತು ಬಿಟ್ಟೆ. ಹೆಬ್ಬೆಟ್ಟು ಹಾಕಿದವನ ಗುರುತಿಲ್ಲದ ಅರ್ಜಿ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕೆಳಗೆ ನನ್ನ ಹೆಸರು, ನನ್ನ ಕೆಲಸ, ನನ್ನ ಊರು ಪೂರ್ತಿ ಬರೆದು ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. ಆರು ತಿಂಗಳಿಗೊಮ್ಮೆ ನೆನಪೋಲೆ ಹಾಕುತ್ತ ಹೋದೆ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಕಚೇರಿಯ ಕುರ್ಚಿಯಲ್ಲಿ ಕೂರುವವರು ಬದಲಾದರು. ಹೊಸಬರಿಗೂ ಒಂದು ಬರೆದೆ.