ಮಾಳಿಗೆಯ ಮೇಲಿನ ಮೋಡ

ನನ್ನ ತಮ್ಮನನ್ನು ಬೀದಿಯವರೆಲ್ಲ ಬಿಸಿಲಪ್ಪ ಎಂದೇ ಕರೆಯುವುದು. ನಮ್ಮ ಮನೆಯ ಹಿಂದೆ ಗಿಡಗಳ ಸಂಶೋಧನಾ ಕೇಂದ್ರವಿದೆ. ಅದರ ಮಾಳಿಗೆಯ ಮೇಲೆ ಬೆಳಕು ಅಳೆಯುವ ಮೀಟರೊಂದಿದೆ. ನಾಣ್ಯದಷ್ಟಗಲದ ಬಿಳಿ ಮುಖ, ಅದನ್ನು ಹೊತ್ತುಕೊಂಡ ಕಬ್ಬಿಣದ ಕಂಬ, ಅಷ್ಟೆ. ಇಪ್ಪತ್ತಾರು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವನು ಅವನು.

ಸೂರ್ಯನ ಬೆಳಕೆಲ್ಲ ಗಿಡದ ಹೊಟ್ಟೆಗೆ ಹೋಗುವುದಿಲ್ಲವಂತೆ. ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಅದರ ಅಡುಗೆಗೆ ಒದಗುವಂಥದ್ದು. ಆ ಅರ್ಧವನ್ನಷ್ಟೇ ಈ ಮೀಟರು ಅಳೆಯುತ್ತದೆ. ನಾನು ಶಾಲೆ ಕಂಡದ್ದು ಮೂರೇ ವರ್ಷ; ಊಟಕ್ಕೆ ಕೂತಾಗ ಅವನ ಬಾಯಿಂದ ಕೇಳಿ ಕೇಳಿ ಇಷ್ಟು ತಲೆಗೆ ಹತ್ತಿದೆ.

ಅವನದೊಂದು ಕಟ್ಟುನಿಟ್ಟಿತ್ತು. ಸೂರ್ಯ ಹುಟ್ಟುವ ಮುಂಚೆ ಏಣಿ ಹತ್ತಿ, ಮೆತ್ತನೆಯ ಬಟ್ಟೆಯಲ್ಲಿ ಮೀಟರಿನ ಮುಖ ಒರೆಸಿ ಇಳಿದುಬಿಡಬೇಕು. ಆಮೇಲೆ ಕತ್ತಲಾಗುವವರೆಗೆ ಯಾರೂ ಅದರ ಹತ್ತಿರ ಸುಳಿಯಬಾರದು. ನಿಮಿಷಕ್ಕೊಂದು ಅಂಕಿಯನ್ನು ಕೆಳಗಿನ ಪೆಟ್ಟಿಗೆಯೊಂದು ಬರೆದುಕೊಳ್ಳುತ್ತದೆ. ಇವನು ಅಂಗಳದಲ್ಲಿ ನಿಂತು ಆಕಾಶ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ: ‘ತೆಳು ಮೋಡ, ಸೂರ್ಯನ ಸುತ್ತ ಬಳೆ.’ ‘ಧೂಳು, ನೆರಳು ಮಬ್ಬು.’

ಹೋದ ವರ್ಷ ಅಲ್ಲಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಉಪಗ್ರಹ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಮೋಡ ಎಷ್ಟು ಬೆಳ್ಳಗಿದೆ, ಎಷ್ಟು ದಪ್ಪಗಿದೆ ಎಂದು ನೋಡಿ, ಅದರಿಂದ ಸೋಸಿ ನೆಲಕ್ಕೆ ಎಷ್ಟು ಬೆಳಕು ಬಿದ್ದಿರಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಅವಳ ಮೇಜಿಗೆ ಜಾಗ ಸಾಲದೆಂದು ತಮ್ಮನ ಪುಸ್ತಕಗಳ ಕಪಾಟನ್ನು ಪಾಯಿಖಾನೆಯ ಗೋಡೆಗೆ ಸರಿಸಿದರು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮಾಳಿಗೆ ಹತ್ತದ ಮುಖ್ಯಸ್ಥರು, ಬಂದ ಅತಿಥಿಗಳನ್ನೆಲ್ಲ ಅವಳ ಪರದೆಯ ಮುಂದೆ ನಿಲ್ಲಿಸತೊಡಗಿದರು. ಇವನು ಅವಳಿಗೆ ಪರದೆರಾಣಿ ಎಂದು ಹೆಸರಿಟ್ಟ.

“ಅಷ್ಟು ಎತ್ತರದಲ್ಲಿ ಕೂತ್ಕೊಂಡು ನೆಲದ ಬಿಸಿಲು ಹೇಳುತ್ತಂತೆ! ಮೂರನೇ ಮಹಡಿಯೋರು ನಮ್ಮ ಸಾರಿಗೆ ಉಪ್ಪು ಎಷ್ಟು ಬಿದ್ದಿದೆ ಅಂತ ಹೇಳಿದ ಹಾಗೆ,” ಎಂದು ತಟ್ಟೆಯ ಮುಂದೆ ಕುದಿಯುತ್ತಿದ್ದ.

ಅವನ ಹೆಂಡತಿ ನನ್ನ ಕಡೆ ತಿರುಗಿ, “ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತಕ್ಕ, ನನಗೋಸ್ಕರ ಒಂದಿನ ಹೀಗೆ ಹೊಟ್ಟೆ ಉರ್ಕೊಂಡಿಲ್ಲ. ಆ ಮೀಟರು ಪುಣ್ಯ ಮಾಡಿತ್ತು,” ಎಂದಳು.

“ನೀನು ಸುಮ್ನಿರೆ.”

ನಗುವ ಮಾತೇನೂ ಆಗಿರಲಿಲ್ಲ. ಒಂದು ತಿಂಗಳು ಉಪಗ್ರಹದ ಅಂಕಿ, ಮೀಟರಿನ ಅಂಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು, ಮೀಟರಿಗೆ ವಯಸ್ಸಾಗಿ ನಂಬಿಕೆ ಕೆಟ್ಟಿದ್ದರೆ ಇಳಿಸಿಬಿಡುವುದು ಎಂದು ಮುಖ್ಯಸ್ಥರು ಹೇಳಿದ್ದರು. ಮೀಟರು ಇಳಿದರೆ ಇವನು ಬೀಜದ ಗೋದಾಮಿಗೆ. ಅಲ್ಲಿ ಕಿಟಕಿಯೇ ಇಲ್ಲ.

ಆ ತಿಂಗಳು ಅವನಿಗೆ ಏನಾಯಿತೋ. ನಮ್ಮ ಹಿತ್ತಲಿನಿಂದ ಆ ಮಾಳಿಗೆ ಕಾಣುತ್ತದೆ. ಹತ್ತು ಗಂಟೆಗೆ ಮೇಲೆ, ಹನ್ನೊಂದಕ್ಕೆ ಮತ್ತೆ ಮೇಲೆ.

“ಏನೋ ಅದು, ಕೋತಿ ಹಾಗೆ ಹತ್ತೋದು ಇಳಿಯೋದು?”

“ಧೂಳು ಕಣಕ್ಕ. ಅವಳದು ಹೊಸದು, ನನ್ನದು ಹಳೇದು. ಅದರ ಮುಖದ ಮೇಲೆ ಒಂದು ಚುಕ್ಕೆ ಇರಬಾರದು ಈ ತಿಂಗಳು.”

ಮೂರನೇ ವಾರ ಮುಗಿಯುವಾಗ ನಾನು ಮಧ್ಯಾಹ್ನದ ಡಬ್ಬಿ ಕೊಡಲು ಹೋದೆ. ಅವಳು ಇವನನ್ನು ತನ್ನ ಮೇಜಿನ ಹತ್ತಿರ ಕರೆಸಿಕೊಂಡಿದ್ದಳು. ಪರದೆಯ ಮೇಲೊಂದು ಗೆರೆ. ಹಲ್ಲು ಮುರಿದ ಬಾಚಣಿಗೆಯ ಹಾಗೆ ಅಲ್ಲಲ್ಲಿ ತೂತು.

“ಇದು ಮೊನ್ನೆಯದು, ನೋಡಿ ಅಣ್ಣ. ಮೀಟರಿನ ಪ್ರಕಾರ ಹತ್ತಕ್ಕೆ ಮೋಡ, ಹನ್ನೊಂದಕ್ಕೆ ಮೋಡ, ಹನ್ನೆರಡಕ್ಕೆ ಮೋಡ. ಐದೈದು ನಿಮಿಷ. ಉಪಗ್ರಹದ ಚಿತ್ರದಲ್ಲಿ ಒಂದು ಚೂರೂ ಮೋಡ ಇಲ್ಲ.”

“ನಿಮ್ಮ ಉಪಗ್ರಹಕ್ಕೆ ಕಣ್ಣು ಮಂಜಾಗಿರಬೇಕು, ಮೇಡಮ್ಮೋರೇ.”

“ನಿಮ್ಮ ಪುಸ್ತಕದಲ್ಲೂ ಆವತ್ತು ‘ಶುಭ್ರ ಆಕಾಶ’ ಅಂತಲೇ ಇದೆಯಲ್ಲ? ಗಡಿಯಾರ ನೋಡ್ಕೊಂಡು ಬರೋ ಮೋಡ ಯಾವುದಣ್ಣ? ನಾಳೆ ಇಲ್ಲಿವರೆಗಿನ ವರದಿ ಕೊಡಬೇಕು. ಹೀಗೇ ಕೊಟ್ರೆ ಮೀಟರು ಕೆಟ್ಟಿದೆ ಅಂತಾರೆ.”

ಬಾಗಿಲಲ್ಲಿ ನಿಂತಿದ್ದ ನನಗೆ ಬಾಯಿ ತಡೆಯಲಿಲ್ಲ. “ಹತ್ತು, ಹನ್ನೊಂದು, ಹನ್ನೆರಡು... ಅದು ನೀನು ಬಟ್ಟೆ ಹಿಡ್ಕೊಂಡು ಏಣಿ ಹತ್ತೋ ಹೊತ್ತಲ್ವೇನೋ?”

ಇವನ ಕಿವಿ ಕೆಂಪಗಾಯಿತು. ಅವಳು ಇವನನ್ನೂ ಪರದೆಯನ್ನೂ ನೋಡಿದಳು. “ಅಯ್ಯೋ, ಆ ಮೋಡ ನೀವೇನಾ! ಹಗಲು ಹೊತ್ತು ಅಲ್ಲಿ ಕಾಲಿಡಬಾರದು ಅಂತ ನಾನು ಬಂದ ಮೊದಲ ದಿನವೇ ಬೈದು ಕಳಿಸಿದ್ರಲ್ಲ ನನ್ನ!”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

ಅವಳು ದನಿ ತಗ್ಗಿಸಿ, “ನಿಜ ಹೇಳ್ಲಾ? ನಂಗೂ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು. ನಾನು ಊಹೆ ಮಾಡೋದನ್ನ ನೀವು ಕಣ್ಣಾರೆ ನೋಡ್ತೀರ. ಮೀಟರು ಹೋದ್ರೆ ನನ್ನ ಊಹೆ ಸರಿಯೋ ತಪ್ಪೋ ಅಂತ ಯಾರನ್ನ ಕೇಳ್ಲಿ? ತಿಂಗಳು ಮುಗಿಯೋಕೆ ಇನ್ನು ಒಂಬತ್ತು ದಿನ ಇದೆ. ಹತ್ತಬೇಡಿ. ವರದಿಗೆ ಅಲ್ಲಿವರೆಗೆ ನಾನು ಸಮಯ ಕೇಳ್ತೀನಿ,” ಎಂದಳು.

ಆ ಒಂಬತ್ತು ದಿನ ಅವನನ್ನು ನೋಡಲಾಗುತ್ತಿರಲಿಲ್ಲ. ಬಿಡುವಾದಾಗಲೆಲ್ಲ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ಬೇರೆಯವರ ಮನೆಯ ಕಿಟಕಿ ಕಾಯುವವನ ಹಾಗೆ ಮಾಳಿಗೆಯನ್ನೇ ನೋಡುತ್ತಿದ್ದ. ಆರನೇ ದಿನ ಮಧ್ಯಾಹ್ನ ಕಾಗೆಯೊಂದು ಬಂದು ಸೀದಾ ಮೀಟರಿನ ಮೇಲೆ ಕೂತಿತು. ಇವನು ಕೆಳಗಿನಿಂದಲೇ ಕೈ ಬೀಸಿದ, ಹುಶ್ ಎಂದ, ಚಪ್ಪಾಳೆ ತಟ್ಟಿದ. ಓಡಿಹೋಗಿ ಏಣಿಗೆ ಒಂದು ಕಾಲಿಟ್ಟು, ಹಲ್ಲು ಕಚ್ಚಿ ತೆಗೆದು, ವಾಪಸು ಬಂದ.

“ಅಂತೂ ಅದಕ್ಕೆ ಇನ್ನೊಬ್ಬ ಗಂಡು ಸಿಕ್ಕಿದ,” ಎಂದಳು ಹೆಂಡತಿ. ಅವನು ಪುಸ್ತಕ ತೆಗೆದು ಬರೆದ: ‘2.10. ಕಾಗೆ. ಮೂರು ನಿಮಿಷ.’

ತಿಂಗಳು ಮುಗಿಯಿತು. ಆ ಒಂಬತ್ತು ದಿನ ಎರಡರ ಅಂಕಿಗಳೂ ಹೊಂದಿಕೊಂಡು ನಡೆದಿದ್ದವು. ಒಂದು ಕಡೆ ಮಾತ್ರ ಮೀಟರಿನ ಗೆರೆ ಮೂರು ನಿಮಿಷ ಕುಸಿದಿತ್ತು. ಅವಳು ಇವನ ಪುಸ್ತಕವನ್ನು ಮುಖ್ಯಸ್ಥರ ಮೇಜಿನ ಮೇಲೆ ಬಿಚ್ಚಿಟ್ಟು ಕಾಗೆಯನ್ನು ತೋರಿಸಿದಳಂತೆ. ಅವರು ನಕ್ಕು, ಮೀಟರೂ ಇರಲಿ, ಪುಸ್ತಕವೂ ಇರಲಿ ಎಂದರಂತೆ.

ಕಪಾಟು ಮಾತ್ರ ಪಾಯಿಖಾನೆಯ ಗೋಡೆಗೇ ಇದೆ. ಅವಳು ಈಗಲೂ ಪರದೆರಾಣಿಯೇ. ಆ ತೀರ್ಮಾನವಾದ ಸಂಜೆ ಇವನು ಎರಡನೇ ಸಲ ಅನ್ನ ಹಾಕಿಸಿಕೊಂಡು, ಮೂರನೇ ಸಲ ಅದೇ ಪ್ರಶ್ನೆ ಕೇಳಿದ.

“ಕಾಗೆ ಅವಳ ಉಪಗ್ರಹಕ್ಕೆ ಕಾಣಲೇ ಇಲ್ಲ, ಅಲ್ವೇನಕ್ಕ?”

“ಇಲ್ಲ ಕಣೋ,” ಎಂದೆ ನಾನು. “ಊಟ ಮಾಡು.”