ರಾಟೆ ಹೋಯಿತು, ಹಕ್ಕಿ ಉಳಿಯಿತು

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಮರುದಿನ ಬೆಳಿಗ್ಗೆ ನರ್ಸ್ ಪಟ್ಟಿ ಬಿಚ್ಚಿದಾಗ ಹತ್ತಿಗೆ ಅಂಟಿಕೊಂಡಿದ್ದ ಔಷಧಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಗೌರಿಬಿದನೂರಿನ ನಮ್ಮ ಪಕ್ಕದ ಮನೆಯ ಅಜ್ಜಿ ನೆನಪಾದರು. ಚೆನ್ನಾಗಿ ಕಾಣುತ್ತಿದೆಯಾ ಎಂದು ಡಾಕ್ಟರು ಕೇಳಿದರು. ಕಾಣುತ್ತಿತ್ತು.

ಆಗ ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಕೋಲಾರಕ್ಕೆ ಸೇರಿದ್ದವರು. ಮೇಲೂರಿನವಳಾದ ನಾನು ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಶಾಲೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಅಜ್ಜಿಯದು ಪಕ್ಕದ ಒಂದು ಕೋಣೆಯ ಮನೆ; ಎದುರು ಮನೆಯಲ್ಲಿ ಅವರ ತಂಗಿಯ ಮಗನ ಸಂಸಾರ. ಬಿತ್ತನೆಯ ಕಡಲೆಕಾಯಿ ಸುಲಿದುಕೊಡುವುದು ಅಜ್ಜಿಯ ಕೆಲಸ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಗೋಡೆಯಾಚೆಯಿಂದ ವಾಸನೆಯಲ್ಲೇ ಹೇಳುತ್ತಿದ್ದರು.

ಮೊದಲ ವರ್ಷದ ಆಗಸ್ಟ್ ಹದಿನೈದರಂದು ಅಜ್ಜಿ ಶಾಲೆಯ ಕಾಂಪೌಂಡಿನ ಹೊರಗೆ ನಿಂತು ಬಾವುಟವನ್ನೇ ನೋಡುತ್ತಿದ್ದರು. ಒಳಗೆ ಬನ್ನಿ ಎಂದು ಕರೆದೆ, ಬರಲಿಲ್ಲ. ಸಂಜೆ ಮಕ್ಕಳಿಗೆ ಹಂಚಿದ ಬೂಂದಿಯಲ್ಲಿ ಒಂದಿಷ್ಟು ಒಯ್ದು ಕೊಟ್ಟೆ. ತಿನ್ನುತ್ತಾ ಕೇಳಿದರು, ನಡುವೆ ರಾಟೆ ಇರುತ್ತಿತ್ತಲ್ಲ, ಅದನ್ನು ಯಾಕೆ ತೆಗೆದರು ಎಂದು. ನಾನು ಟೀಚರಲ್ಲವೆ, ಪಾಠವನ್ನೇ ಒಪ್ಪಿಸಿದೆ. ಸ್ವಾತಂತ್ರ್ಯ ಬರುವಾಗ ರಾಟೆಯ ಜಾಗಕ್ಕೆ ಅಶೋಕನ ಚಕ್ರ ಬಂತು, ಮೈಸೂರು ಅರಸರ ಬಾವುಟವೂ ಇಳಿಯಿತು, ಅವರ ಎರಡು ತಲೆಯ ಗಂಡಭೇರುಂಡ ಮಾತ್ರ ನಮ್ಮ ರಾಜ್ಯದ ಲಾಂಛನವಾಗಿ ಉಳಿಯಿತು ಎಂದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಪ್ರಶ್ನೆ ಅದು. ಅಜ್ಜಿಯ ಕೈ ಬೂಂದಿಯ ಮೇಲೇ ನಿಂತುಬಿಟ್ಟಿತು.

ಅವತ್ತು ಅವರು ಹೇಳಿದ್ದು... ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರಸರ ಕಾಲದಲ್ಲಿ ರಾಟೆಯ ಬಾವುಟ ಹಾರಿಸಲು ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ದಿನ ಅಜ್ಜಿಯ ಅಪ್ಪನೂ ಆ ಗುಂಪಿನಲ್ಲಿದ್ದರಂತೆ. ತೊಡೆಗೆ ಏಟು. ಯಾರೋ ಇಬ್ಬರು ಹೊತ್ತುಕೊಂಡು ಹೊಳೆ ದಾಟಿಸಿ ಮನೆಗೆ ತಂದು, ಹುಲ್ಲು ತುಂಬುವ ಕೋಣೆಯಲ್ಲಿ ಮಲಗಿಸಿದರು. ಮಾರನೆಯ ದಿನ ಪೊಲೀಸರು ಬಂದು ಏಳು ವರ್ಷದ ಈ ಹುಡುಗಿಯನ್ನು ನಿಲ್ಲಿಸಿ, ಅಪ್ಪ ಎಲ್ಲಮ್ಮಾ ಎಂದು ಕೇಳಿದರು. ಕೇಳಿದವನ ಮುಖ ಅಜ್ಜಿಗೆ ನೆನಪಿರಲಿಲ್ಲ. ಕಣ್ಣಿನ ಮಟ್ಟಕ್ಕೆ ಇದ್ದದ್ದು ಅವನ ಸೊಂಟದ ಬೆಲ್ಟು, ಬೆಲ್ಟಿನ ಹಿತ್ತಾಳೆ ಬಿಲ್ಲೆಯ ಮೇಲೆ ಎರಡು ತಲೆಯ ಹಕ್ಕಿ. ಅದನ್ನೇ ನೋಡುತ್ತಾ ಅಪ್ಪ ಹಿಂದೂಪುರಕ್ಕೆ ಹೋಗಿದ್ದಾರೆ ಎಂದು ಸುಳ್ಳು ಹೇಳಿದರು. ಸಿಕ್ಕಿಬೀಳುವ ಭಯಕ್ಕೆ ವೈದ್ಯರನ್ನೂ ಕರೆಸಲಿಲ್ಲ. ಎಂಟನೆಯ ದಿನ ಅಪ್ಪ ಹುಲ್ಲಿನ ಕೋಣೆಯಲ್ಲೇ ತೀರಿಕೊಂಡರು. ಸತ್ತವರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಆಮೇಲೆ ಅಜ್ಜಿ ಆ ಹಕ್ಕಿಯಿರುವ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ರೇಷನ್ ಕಾರ್ಡ್ ಇಲ್ಲ. ಸರ್ಕಾರಿ ಬಸ್ಸಿನ ಮೇಲೂ ಹಕ್ಕಿಯಿದೆ ಎಂದು ಪ್ರೈವೇಟ್ ಬಸ್ಸಿಗೆ ಕಾಯುತ್ತಿದ್ದರು. ಓಟಿನ ಕಾರ್ಡಿಗೆ ಫೋಟೊ ತೆಗೆಯಲು ಬಂದಾಗ, ಅದರಲ್ಲೇನಿರುತ್ತದೋ ಎಂದು ಬಾಗಿಲು ಹಾಕಿಕೊಂಡಿದ್ದರಂತೆ. ಅರಸರು ಹೋದರು ಅಜ್ಜಿ, ಈಗ ಅದು ನಮ್ಮದೇ ಸರ್ಕಾರದ ಹಕ್ಕಿ ಎಂದು ನಾನು ವಾದ ಹೂಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸತ್ತೋರ ಬಾವುಟ ಬದಲಾಯ್ಸವ್ರೆ ಟೀಚರಮ್ಮ, ಹೊಡ್ದೋರ ಹಕ್ಕೀನ ಹಂಗೇ ಮಡಿಕ್ಕಂಡವ್ರೆ. ಏನು ಹೋಯ್ತು ಅಂತೀಯಾ ನೀನು?"

ಎರಡು ಅಂಕದ ಪಾಠವನ್ನೇ ಇನ್ನೊಮ್ಮೆ ಒಪ್ಪಿಸಿ ಎದ್ದು ಬಂದೆ. ಅವರ ಮಾತು ಸರಿ ಎಂದು ಒಪ್ಪಿಕೊಳ್ಳುವ ದೊಡ್ಡತನ ನನಗಿರಲಿಲ್ಲ.

ಮೂರು ವರ್ಷದಲ್ಲಿ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬೆಳೆಯಿತು. ಕಡಲೆಕಾಯಿಯನ್ನು ಬೆರಳಿನ ಅಂದಾಜಿನಲ್ಲೇ ಸುಲಿಯುತ್ತಿದ್ದರು. ಒಮ್ಮೆ ಕುದಿಯುವ ನೀರಿನ ಪಾತ್ರೆ ತಡಕಾಡಿ ಕೈ ಸುಟ್ಟುಕೊಂಡರು. ಅದೇ ಹೊತ್ತಿಗೆ ಬಡವರಿಗೆ ಪುಕ್ಕಟೆ ಕಣ್ಣಿನ ಆಪರೇಷನ್ ಶಿಬಿರ ಬಂತು. ರೇಷನ್ ಕಾರ್ಡ್ ತೋರಿಸಬೇಕು ಎಂದರು. ನಾನೇ ಓಡಾಡಿ ಅರ್ಜಿ ಹಾಕಿದೆ. ಕಾರ್ಡಿನ ಮೇಲೆ ಬೊಂಬೆ ಏನೈತೆ ಎಂದು ಅಜ್ಜಿ ಕೇಳಿಯೇ ಕೇಳಿದರು. ಲಾಂಛನದಲ್ಲಿ ಮೇಲೆ ಸಿಂಹ, ಕೆಳಗೆ ಹಕ್ಕಿ. ಸಿಂಹ ಇದೆ ಅಜ್ಜಿ, ನೋಟಿನ ಮೇಲಿರುವಂಥದ್ದೇ ಎಂದೆ. ಹಕ್ಕಿ ಇಲ್ಲ ತಾನೆ ಎಂದರು. ಇಲ್ಲ ಎಂದೆ. ಅವರ ಹೆಬ್ಬೆರಳನ್ನು ನಾನೇ ಹಿಡಿದು ಇಂಕಿನ ಪ್ಯಾಡಿಗೆ ಒತ್ತಿಸಿದೆ. ಸ್ಟುಡಿಯೋದಲ್ಲಿ ಒಂದು ಫೋಟೊ ತೆಗೆಸಿ ಕಾರ್ಡಿಗೆ ಅಂಟಿಸಿದರು, ಅದರ ಅಂಚಿನ ಮೇಲೆ ದುಂಡನೆಯ ಮೊಹರು ಬಿತ್ತು. ಒಳ್ಳೆಯ ಕೆಲಸ ಮಾಡಿದೆನೆಂದು ಬೀಗುತ್ತಾ ಮನೆಗೆ ಬಂದಿದ್ದೆ.

ಮೊದಲು ಎಡಗಣ್ಣಿನ ಆಪರೇಷನ್ ಆಯಿತು. ಬಲಗಣ್ಣಿಗೆ ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತ ಅಜ್ಜಿಯ ಸಂಭ್ರಮ ಹೇಳತೀರದು. ಕಡಲೆ ಬೀಜದ ಕೆಂಪು ಸಿಪ್ಪೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಟೀಚರಮ್ಮನ ತಲೆ ಇಷ್ಟು ನೆರೆತಿದೆ ಎಂದು ಗೊತ್ತಿರಲಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಅಷ್ಟು ನಗು ಅವರಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲಿಗೆ ಬಂದರು. ಕೈಯಲ್ಲಿ ಕಾರ್ಡು.

"ಸಿಂಹ ಐತೆ, ನೀನು ಹೇಳ್ದಂಗೇ ಐತೆ. ಕೆಳಗಿರೋದು ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ ಅಜ್ಜಿ."

"ಬರ್ತಿರ್ಲಿಲ್ಲ. ಅದು ನನ್ ಕಣ್ಣಲ್ವೇನಮ್ಮಾ?"

ದನಿ ಏರಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾರ್ಡನ್ನು ನನ್ನ ಹೊಸ್ತಿಲ ಮೇಲೆ ಇಟ್ಟು ಹೋದರು. ಆಮೇಲೆ ಗೋಡೆಯಾಚೆಯಿಂದ ಉಪ್ಪಿನ ಮಾತು ಬರಲಿಲ್ಲ. ಬಲಗಣ್ಣಿಗೆ ಕರೆ ಬಂದ ದಿನ, ಕಾರ್ಡ್ ತೋರಿಸಬೇಕಲ್ಲ ಎಂದು ತಂಗಿಯ ಮಗನ ಕೈಲಿ ಹೇಳಿ ಕಳಿಸಿ ಹೋಗದೇ ಉಳಿದರು. ಆ ಕಣ್ಣು ಹಾಗೇ ಕುರುಡಾಯಿತು. ಎಷ್ಟೋ ಬಾರಿ ಅವರ ಬಾಗಿಲವರೆಗೂ ಹೋಗಿ, ತಪ್ಪಾಯಿತು ಎಂಬ ಒಂದು ಮಾತು ಹೇಳಲಾರದೆ ವಾಪಸು ಬಂದೆ. ಮರುವರ್ಷ ನನಗೆ ಚಿಂತಾಮಣಿಗೆ ವರ್ಗವಾಯಿತು. ಹೊರಡುವ ದಿನವೂ ಹೇಳಲಿಲ್ಲ...

ಅಲ್ಲಿಗೇ ಒಂದು ಮಧ್ಯಾಹ್ನ ತಂಗಿಯ ಮಗ ಹುಡುಕಿಕೊಂಡು ಬಂದ. ಅಜ್ಜಿ ತೀರಿಕೊಂಡು ಹತ್ತು ದಿನವಾಗಿತ್ತು. ತಿಥಿಗೆ ಇಡಲು ಒಂದೂ ಫೋಟೊ ಇಲ್ಲ, ನಿಮ್ಮ ಹತ್ತಿರ ಆ ಕಾರ್ಡ್ ಇದೆಯಾ ಮೇಡಂ ಎಂದ. ಇತ್ತು. ಅಲ್ಲಿನ ಸ್ಟುಡಿಯೋದವನು ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿದ. ಮೊಹರಿನ ಅರ್ಧ ಅಜ್ಜಿಯ ಎಡಭುಜದ ಮೇಲೆ ಬಿದ್ದಿತ್ತು; ದೊಡ್ಡದಾದ ಮೇಲೆ ಹಕ್ಕಿಯ ಒಂದು ತಲೆ, ಒಂದು ರೆಕ್ಕೆ ನಿಚ್ಚಳವಾಗಿ ಕಂಡಿತು. ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ತೆಗೆಯಬಹುದು, ಎರಡು ದಿನ ಬೇಕು ಎಂದ. ತಿಥಿ ಮಾರನೆಯ ದಿನವೇ ಇತ್ತು. ಇದ್ದ ಹಾಗೇ ಫ್ರೇಮು ಹಾಕಿಸಿದರು.

ಮೊನ್ನೆ ಗೌರಿಬಿದನೂರಿಗೆ ಹೋಗಿದ್ದೆ. ನಮ್ಮ ಬೀದಿಯಲ್ಲಿ ಅಜ್ಜಿಯ ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ತಂಗಿಯ ಮಗನ ಮನೆಯ ಗೋಡೆಯಲ್ಲಿ ಫೋಟೊ ಹಾಗೇ ಇದೆ, ಕುಂಕುಮ ಇಟ್ಟಿದ್ದಾರೆ. ಅವನ ಮೊಮ್ಮಗಳು ಒಳಗಿನಿಂದ ಬಂದು ನಾನು ಏನನ್ನು ನೋಡುತ್ತಿದ್ದೇನೆ ಎಂದು ತಾನೂ ತಲೆಯೆತ್ತಿ ನೋಡಿದಳು.

"ಈ ಅಜ್ಜಿ ಗಿಣಿ ಸಾಕಿದ್ರಾ ಟೀಚರ್?"

"ಇಲ್ಲ ಪುಟ್ಟಿ. ಅವರಿಗೆ ಆ ಹಕ್ಕಿ ಕಂಡ್ರೆ ಆಗ್ತಿರ್ಲಿಲ್ಲ. ಅದನ್ನ ಅಲ್ಲಿ ಕೂರಿಸಿದ್ದು ನಾನು. ತಪ್ಪಾಯ್ತು."

ಅಜ್ಜಿಗೆ ಹೇಳಬೇಕಿದ್ದ ಮಾತನ್ನು, ಅವರನ್ನು ಕಂಡೇ ಇರದ ಮಗುವಿಗೆ ಹೇಳಿ ಬಂದೆ.